ಬೆಳಿಗ್ಗೆ ನೋಡಿದರೆ ಹಾವು ಸತ್ತಿದೆ: ಹೂಳುವುದಾ, ಪರೀಕ್ಷೆಗೆ ಕಳಿಸುವುದಾ?

ಕಕ್ಕಡದ_ಮಳೆ · ಜುಲೈ 19, ಬೆಳಿಗ್ಗೆ 6:50

ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು), ಗಂಡು, ನಾಲ್ಕು ವರ್ಷ. ಹೋದ ವಾರದ ತೂಕ 1,460 ಗ್ರಾಂ. ನೋಂದಣಿ ಆಗಿದೆ. ಜಾಗ ಮಡಿಕೇರಿ ಹತ್ತಿರ. ರಾತ್ರಿ ಹತ್ತಕ್ಕೆ ಗೂಡಿನೊಳಗೆ ಸುತ್ತಿಕೊಂಡು ಮಲಗಿತ್ತು. ಬೆಳಿಗ್ಗೆ ಆರಕ್ಕೆ ನೀರಿನ ಬಟ್ಟಲ ಪಕ್ಕ ಉದ್ದಕ್ಕೆ ಬಿದ್ದಿದೆ, ಬಾಯಿ ಅರೆ ತೆರೆದಿದೆ. ಐದು ದಿನದ ಹಿಂದೆ 90 ಗ್ರಾಂ ಇಲಿ ತಿಂದಿತ್ತು. 17ರ ರಾತ್ರಿ ಒಂಬತ್ತರಿಂದ 18ರ ಬೆಳಿಗ್ಗೆ ಹನ್ನೊಂದರವರೆಗೆ ಕರೆಂಟ್ ಇರಲಿಲ್ಲ. ಕಾಯಿಲೆ ಅಂತ ಏನೂ ಕಂಡಿರಲಿಲ್ಲ. ಮನೆಯವರು ತೋಟದಲ್ಲಿ ಹೂತುಬಿಡು ಅನ್ನುತ್ತಿದ್ದಾರೆ. ಮೊದಲು ಏನು ಮಾಡಲಿ?

ಟಬ್ಬು_ತಾಪ · 7:05

ಹೂಳಬೇಡಿ. ಮೊದಲು ಸತ್ತಿದೆಯಾ ಅಂತಲೇ ನೋಡಬೇಕು. ಈ ತಿಂಗಳು ನಮ್ಮ ಕಡೆ ಕೋಣೆಯೊಳಗೇ 18 ಡಿಗ್ರಿ ಇರುತ್ತದೆ, ಅಷ್ಟು ಚಳಿಗೆ ಹಾವು ಮರಗಟ್ಟಿ ಸತ್ತಂತೆಯೇ ಕಾಣುವುದುಂಟು.

ಬೆನ್ನಡಿ ಮಾಡಿ ಮಲಗಿಸಿ. ಜೀವ ಇದ್ದರೆ ನಿಧಾನಕ್ಕಾದರೂ ಹೊರಳಲು ನೋಡುತ್ತದೆ. ಬಾಲದ ಬುಡದಲ್ಲಿರುವ ಮಲದ್ವಾರವನ್ನು ಹತ್ತಿಕಡ್ಡಿಯಿಂದ ಮುಟ್ಟಿದರೆ ಬಿಗಿಯಾಗಬೇಕು. ಬಾಯೊಳಗೆ ನಾಲಿಗೆಯ ಹಿಂದೆ ಸಣ್ಣ ಸೀಳು ಕಾಣುತ್ತದಲ್ಲ, ಅದು ಉಸಿರಿನ ದ್ವಾರ, ಎರಡು ನಿಮಿಷ ಅದನ್ನೇ ನೋಡಿ. ಎದೆಬಡಿತ ಹುಡುಕುವುದಾದರೆ ತಲೆಯಿಂದ ಒಟ್ಟು ಉದ್ದದ ಕಾಲುಭಾಗದಿಂದ ಮೂರನೇ ಒಂದು ಭಾಗದ ನಡುವೆ, ಹೊಟ್ಟೆಯ ಕಡೆ, ಬೆರಳ ತುದಿ ಇಡಿ. ಏನೂ ಸಿಗದಿದ್ದರೆ 28 ಡಿಗ್ರಿಯ ಡಬ್ಬದಲ್ಲಿ ಒಂದು ಗಂಟೆ ಇಟ್ಟು ಮತ್ತೆ ನೋಡಿ. ಬಿಸಿನೀರಲ್ಲಿ ಮುಳುಗಿಸುವುದು, ಒಲೆ ಮುಂದೆ ಹಿಡಿಯುವುದು ಬೇಡ. ಮೈ ಆಗಲೇ ಸೆಟೆದಿದ್ದರೆ ಇದ್ಯಾವುದೂ ಬೇಕಿಲ್ಲ.

ಕಕ್ಕಡದ_ಮಳೆ · 7:20

ಸೆಟೆದಿದೆ. ಹೊಟ್ಟೆಯ ಮಧ್ಯದಲ್ಲಿ ಅಂಗೈಯಗಲ ತಿಳಿಹಸಿರು ಬಣ್ಣ ಬಂದಿದೆ. ಬಾಯಿಂದ ಸ್ವಲ್ಪ ಕೆಂಪು ನೀರು.

ಬಿಳಿ_ಕೋಟು · 7:32

ಪಶುವೈದ್ಯ. ಹೊಟ್ಟೆ ಹಸಿರಾಗುವುದು, ಬಾಯಲ್ಲಿ ಕೆಂಪು ನೀರು ಬರುವುದು ಎರಡೂ ಸತ್ತ ಮೇಲೆ ಆಗುವಂಥವು. ಹೊಟ್ಟೆಯೊಳಗೆ ಆಹಾರ ಇದ್ದರೆ ಇನ್ನೂ ಬೇಗ. ಇದನ್ನು ನೋಡಿ ಯಾರೋ ವಿಷ ಹಾಕಿದ್ದಾರೆ ಅಂತ ಪಕ್ಕದ ಮನೆಯವರ ಮೇಲೆ ಹೋಗಬೇಡಿ. ಹೆಣವನ್ನು ಎತ್ತುವ ಮೊದಲು, ಹಾವನ್ನು ಇಟ್ಟಿದ್ದ ಟಬ್ಬಿನೊಳಗೆ ಬಿದ್ದಿರುವ ಹಾಗೇ ಫೋಟೊ ತೆಗೆಯಿರಿ. ಥರ್ಮಾಮೀಟರ್ ತೋರಿಸುತ್ತಿರುವ ಅಂಕಿ ಅದೇ ಫೋಟೊದಲ್ಲಿ ಬರಲಿ. ಆಮೇಲೆ ಬೆನ್ನು, ಹೊಟ್ಟೆ, ಬಾಯೊಳಗೆ, ಮಲದ್ವಾರ. ತೂಕ ಮಾಡಿ. ಮೈ ಒದ್ದೆ ಇದ್ದರೆ ಒರೆಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಒಂದರೊಳಗೊಂದು ಹಾಕಿ ಕಟ್ಟಿ, ಮುಚ್ಚಳ ಇರುವ ಡಬ್ಬದಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ 4 ಡಿಗ್ರಿಯಲ್ಲಿಡಿ. ಫ್ರೀಜರಿನಲ್ಲಿ ಅಲ್ಲ. ಹೆಣದ ಕೆಲಸ ಪೂರ್ತಿ ಕೈಗವಸು ಹಾಕಿ ಮಾಡಿ. ಹಾವಿನ ಕರುಳಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಅಡುಗೆ ಸಾಮಾನಿನ ಪಕ್ಕ ಇಡುತ್ತಿದ್ದೀರಿ.

ಗೋಣಿಕೊಪ್ಪ_ಗಾಳಿ · 7:51

ಫ್ರೀಜರಿನಲ್ಲಿಟ್ಟರೆ ಕೆಡುವುದಿಲ್ಲವಲ್ಲ ಡಾಕ್ಟ್ರೇ? ಮೀನು ತಿಂಗಳುಗಟ್ಟಲೆ ಇಡುತ್ತೇವೆ.

ಬಿಳಿ_ಕೋಟು · 8:04

ತಿನ್ನುವುದಕ್ಕೆ ಕೆಡುವುದಿಲ್ಲ. ಹೆಪ್ಪುಗಟ್ಟುವಾಗ ಜೀವಕೋಶದೊಳಗಿನ ನೀರು ಮಂಜಿನ ಹರಳಾಗಿ ಕೋಶವನ್ನು ಒಡೆಯುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಕೃತ್ತು ಯಾವುದು, ರೋಗ ಯಾವುದು ಎಂದು ಹೇಳಲಾಗದಷ್ಟು ಛಿದ್ರ. ವೈರಸ್ಸಿನ ಪಿಸಿಆರ್ ಪರೀಕ್ಷೆಗೆ ಮಾತ್ರ ಹೆಪ್ಪುಗಟ್ಟಿಸಿದ ತುಂಡು ನಡೆಯುತ್ತದೆ. ಫ್ರಿಜ್ಜಿನಲ್ಲಿದ್ದರೆ 24 ಗಂಟೆಯೊಳಗೆ ಒಳ್ಳೆಯದು, 48 ದಾಟಿದರೆ ಉಪಯೋಗ ತೀರ ಕಡಿಮೆ. ಸತ್ತು ಎಂಟು ಗಂಟೆ 32 ಡಿಗ್ರಿ ಮ್ಯಾಟಿನ (ಟಬ್ಬನ್ನು ಬೆಚ್ಚಗಿಡುವ ಕರೆಂಟ್ ಹಾಸು) ಮೇಲೆ ಬಿದ್ದಿದ್ದರೆ ಆಗಲೇ ಅರ್ಧ ಹೋಗಿರುತ್ತದೆ. ಹಾಗಾಗಿ ಸತ್ತದ್ದು ಗೊತ್ತಾದ ಕೂಡಲೇ ಮ್ಯಾಟ್ ಆರಿಸಬೇಕು.

ಎಲ್ಲಿಗೆ ಅಂದರೆ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿದೆ. ಹೊರಡುವ ಮೊದಲು ಪೆಥಾಲಜಿ ವಿಭಾಗಕ್ಕೆ ಫೋನ್ ಮಾಡಿ, ಹಾವು ಅಂತ ಬಿಡಿಸಿ ಹೇಳಿ, ತೆಗೆದುಕೊಳ್ಳುತ್ತಾರಾ ಕೇಳಿಕೊಳ್ಳಿ. ಥರ್ಮೋಕೋಲ್ ಡಬ್ಬ, ಮೇಲೆ ಕೆಳಗೆ ಐಸ್ ಪ್ಯಾಕ್, ಹೆಣಕ್ಕೂ ಐಸಿಗೂ ನಡುವೆ ನಾಲ್ಕು ಪದರ ಪೇಪರ್. ಈ ಮಳೆಯಲ್ಲಿ ರಸ್ತೆ ನಂಬುವ ಹಾಗಿಲ್ಲ ಅನ್ನಿಸಿದರೆ ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರನ್ನೇ ಕೇಳಿ. ಹಾವು ಅವರಿಗೆ ಹೊಸದಾದರೂ ಅಂಗ ತೆಗೆದು, ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕುವುದು ಹೊಸದಲ್ಲ. ಯಕೃತ್ತು, ಮೂತ್ರಪಿಂಡ, ಶ್ವಾಸಕೋಶ, ಹೃದಯ, ಅನ್ನನಾಳ, ಜಠರ, ಕರುಳು, ಮೇದೋಜೀರಕ, ಮಿದುಳು. ತುಂಡಿನ ದಪ್ಪ ಅರ್ಧ ಸೆಂಟಿಮೀಟರ್ ಮೀರಬಾರದು, ಮೀರಿದರೆ ಫಾರ್ಮಲಿನ್ ಒಳಕ್ಕಿಳಿಯುವ ಮೊದಲೇ ನಡುಭಾಗ ಕೊಳೆಯುತ್ತದೆ. 10% ಬಫರ್ ಫಾರ್ಮಲಿನ್, ಅಂಗದ ಹತ್ತು ಪಟ್ಟು ದ್ರವ. ಯಕೃತ್ತು, ಶ್ವಾಸಕೋಶ, ಮೂತ್ರಪಿಂಡದಿಂದ ಇನ್ನೊಂದೊಂದು ಚೂರು ಬೇರೆ ಡಬ್ಬಿಯಲ್ಲಿ ಫ್ರೀಜರಿಗೆ. ಮನೆಯಲ್ಲಿ ಬ್ಲೇಡು ಹಿಡಿದು ನೀವೇ ಶುರುಮಾಡಬೇಡಿ.

ಸೂರ್ಲಬ್ಬಿ_ಸದ್ದು · 8:40

ಹದಿನಾಲ್ಕು ಗಂಟೆ ಕರೆಂಟಿಲ್ಲ, ಹೊಟ್ಟೆ ತುಂಬ ಇಲಿ. ಇನ್ನೇನು ಪರೀಕ್ಷೆ? ಚಳಿಗೆ ಸತ್ತಿದೆ.

ಟಬ್ಬು_ತಾಪ · 8:58

ಅಷ್ಟು ಸುಲಭ ಅಲ್ಲ ಅಣ್ಣ. ಗಟ್ಟಿಮುಟ್ಟಾದ ದೊಡ್ಡ ಬಾಲ್ ಪೈಥಾನ್ ಒಂದು ರಾತ್ರಿ 18 ಡಿಗ್ರಿಯಲ್ಲಿದ್ದ ಮಾತ್ರಕ್ಕೆ ಸಾಯುವುದಿಲ್ಲ. ಚಳಿ ಮಾಡುವ ಕೆಲಸ ಬೇರೆ. ಜೀರ್ಣಕ್ಕೆ ಬೆಚ್ಚನೆ ತುದಿಯಲ್ಲಿ 31–32 ಡಿಗ್ರಿ ಬೇಕು. ಅದು ಸಿಗದಿದ್ದರೆ ಇಲಿ ಜೀರ್ಣವಾಗುವ ಬದಲು ಹೊಟ್ಟೆಯಲ್ಲೇ ಕೊಳೆಯುತ್ತದೆ, ಹಾವು ಕಕ್ಕುತ್ತದೆ. ಕಕ್ಕುವಾಗ ಶ್ವಾಸನಾಳಕ್ಕೆ ಹೋದರೆ ಅಪಾಯ. ಆದರೆ ಇಲಿ ಕೊಟ್ಟು ಮೂರು ದಿನ ಕಳೆದ ಮೇಲೆ ಕರೆಂಟ್ ಹೋಗಿದೆ, ತೂಕದ ಆರು ಪರ್ಸೆಂಟಿನ ಸಣ್ಣ ಇಲಿ. ಸರಿಯಾದ ಬಿಸಿ ಇದ್ದಿದ್ದರೆ ಅಷ್ಟರಲ್ಲಿ ಮುಕ್ಕಾಲು ಕರಗಿರಬೇಕು.

ನನಗೆ ಅನುಮಾನ ಕರೆಂಟ್ *ಬಂದ* ಮೇಲಿನದ್ದು. ಲೈನ್ ಮತ್ತೆ ಕೊಡುವಾಗ ವೋಲ್ಟೇಜ್ ಒಮ್ಮೆಗೇ ಏರುತ್ತದೆ. ಮ್ಯಾಟಿನ ಬಿಸಿ ನಿಯಂತ್ರಿಸುವ ಅಗ್ಗದ ಥರ್ಮೋಸ್ಟಾಟಿನೊಳಗೆ ಇರುವುದು ರಿಲೇ ಎಂಬ ಸ್ವಿಚ್ಚು, ಅದರ ಎರಡು ಲೋಹದ ತುದಿ ಕಿಡಿಹಾರಿ ಅಂಟಿಕೊಂಡರೆ ಡಿಸ್‌ಪ್ಲೇಯಲ್ಲಿ 32 ತಲುಪಿ "ಆಫ್" ಅಂತ ಬಂದರೂ ಮ್ಯಾಟಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಹಾವು ನೀರಿನ ಬಟ್ಟಲ ಪಕ್ಕ ಉದ್ದಕ್ಕೆ ಬಿದ್ದದ್ದಕ್ಕೇ ನನಗೆ ಈ ಅನುಮಾನ, ಬಿಸಿ ತಾಳದೆ ನೀರಿನತ್ತ ಬಂದಿತ್ತೇನೋ. ಹೀಗೆ ಪರೀಕ್ಷಿಸಿ: ಖಾಲಿ ಟಬ್ಬಿನಲ್ಲಿ ಮ್ಯಾಟಿನ ಮೇಲೆ ಒಂದು ಲೀಟರ್ ನೀರಿನ ಬಾಟಲಿ, ಅದರಡಿ ಬೇರೆ ಥರ್ಮಾಮೀಟರಿನ ಪ್ರೋಬ್ (ತಾಪ ಅಳೆಯುವ ತಂತಿಯ ತುದಿ). ಸೆಟ್ 32. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಗರಿಷ್ಠ ಎಷ್ಟು ಹೋಗಿದೆ ನೋಡಿ. ನಡುವೆ ಐದಾರು ಸಲ ಪ್ಲಗ್ ಕಿತ್ತು ಹಾಕಿ. 38 ದಾಟಿದರೆ ಥರ್ಮೋಸ್ಟಾಟೇ ಆರೋಪಿ. ಪ್ರೋಬ್ ಎಲ್ಲಿ ಅಂಟಿಸಿದ್ದೀರಿ ಅಂತಲೂ ಹೇಳಿ. ಹಾವು ಉಚ್ಚೆ ಹೊಯ್ದು ಟೇಪ್ ಬಿಟ್ಟು ಪ್ರೋಬ್ ತಣ್ಣನೆ ಮೂಲೆಗೆ ಜಾರಿದರೆ, ಅದು ಪಾಪ, ಇನ್ನೂ ಚಳಿ ಇದೆ ಅಂದುಕೊಂಡು ಮ್ಯಾಟನ್ನು ಕಾಯಿಸುತ್ತಲೇ ಇರುತ್ತದೆ.

ಕಕ್ಕಡದ_ಮಳೆ · 9:30

ಪ್ರೋಬ್ ಮ್ಯಾಟಿಗೂ ಟಬ್ಬಿನ ತಳಕ್ಕೂ ನಡುವೆ, ಜಾಗದಲ್ಲೇ ಇದೆ. ಪರೀಕ್ಷೆ ಈಗ ಶುರುಮಾಡಿದೆ. ಈಗಿನ ತೂಕ 1,395.

ಏಲಕ್ಕಿ_ಮಲೆ · 10:12

ಮನೆಯೊಳಗಿನ ಹೊಗೆ, ವಾಸನೆ ಯಾರೂ ಕೇಳಲಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಒಳಗೇ ಏನೆಲ್ಲ ನಡೆಯುತ್ತದೆ ನೋಡಿ. ಬಟ್ಟೆ ಒಣಗಿಸಲು ಅಗ್ಗಿಷ್ಟಿಕೆ ಕೋಣೆಗೆ ತರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬರುವ ಕಾರ್ಬನ್ ಮಾನಾಕ್ಸೈಡ್ ಹಾವಿಗಿಂತ ಮೊದಲು ಮನುಷ್ಯರನ್ನು ಕೊಲ್ಲುತ್ತದೆ, ಅದನ್ನು ಇವತ್ತೇ ನಿಲ್ಲಿಸಿ. ಬೂಷ್ಟು ಬರಬಾರದೆಂದು ಬೀರುವಿಗೆ ನುಸಿಗುಳಿಗೆ ಹಾಕುತ್ತಾರೆ, ಅದೇ ಕೋಣೆಯಲ್ಲಿ ಟಬ್ಬು. ಸೊಳ್ಳೆಗೆ ಪ್ಲಗ್ಗಿನ ದ್ರವ. ಅದರಲ್ಲಿರುವುದು ಪೈರೆಥ್ರಾಯ್ಡ್ ಜಾತಿಯ ವಿಷ, ಮೈ ತಣ್ಣಗಿದ್ದಷ್ಟೂ ಅದರ ಏಟು ಜಾಸ್ತಿ. ಅಂದರೆ ಕರೆಂಟ್ ಹೋಗಿ ತಣ್ಣಗಾದ ಹಾವಿನ ಪಕ್ಕ ಸೊಳ್ಳೆಬತ್ತಿ ಹಚ್ಚುವುದು ಎರಡು ಪಟ್ಟು ಕೆಟ್ಟದ್ದು. ವಿಷದ ಲಕ್ಷಣ ಸಾಮಾನ್ಯವಾಗಿ ಕಾಣುತ್ತದೆ: ಮೈ ನಡುಕ, ತಿರುಚಿಕೊಳ್ಳುವುದು, ಬೆನ್ನಡಿ ಆದರೆ ಹೊರಳಲಾಗದಿರುವುದು.

ತೋಟದವರಿಗೆ ಇನ್ನೊಂದು. ಕಾಫಿ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಬಳಿದ ದಿನ, ಬೋರ್ಡೋ ದ್ರಾವಣ ಹೊಡೆದ ದಿನ, ಅದೇ ಬಟ್ಟೆಯಲ್ಲಿ ಟಬ್ಬಿಗೆ ಕೈ ಹಾಕಬೇಡಿ. ಹಾಸಿಗೆಗೆ ಕಾಫಿ ಹೊಟ್ಟು ಪುಕ್ಕಟೆ ಸಿಗುತ್ತದೆಂದು ಹಾಕುವವರಿದ್ದಾರೆ, ತೇವಕ್ಕೆ ಮೂರೇ ದಿನದಲ್ಲಿ ಬೂಷ್ಟು. ತೆಂಗಿನ ನಾರಿನ ಪುಡಿ ಸಾಕು.

ಕಕ್ಕಡದ_ಮಳೆ · 10:40

ಸೊಳ್ಳೆ ದ್ರವ ಪಕ್ಕದ ಕೋಣೆಯಲ್ಲಿ ಇತ್ತು, ಕರೆಂಟ್ ಬಂದ ರಾತ್ರಿ ಹಚ್ಚಿದ್ದು. ನುಸಿಗುಳಿಗೆ ಇಲ್ಲ. ಇನ್ನೊಂದು ಹೇಳಲು ಬಿಟ್ಟಿದ್ದೆ: ಅದೇ ಕೋಣೆಯಲ್ಲಿ ಕೆಂಪುಬಾಲದ ಬೋವಾ ಹಾವು ಒಂದಿದೆ. ಏಪ್ರಿಲ್‌ನಲ್ಲಿ ಬಂದದ್ದು, ಚೆನ್ನಾಗಿದೆ. ಅದಕ್ಕೂ ಕಾಗದ ಇದೆ.

ಬಿಳಿ_ಕೋಟು · 11:15

ಇದನ್ನು ಮೊದಲ ಸಾಲಲ್ಲೇ ಬರೆಯಬೇಕಿತ್ತು. ಬೋವಾ ಮತ್ತು ಪೈಥಾನ್ ಒಂದೇ ಕೋಣೆ ಅಂದ ಕೂಡಲೇ ಇನ್‌ಕ್ಲೂಷನ್ ಬಾಡಿ ಡಿಸೀಸ್ ನೆನಪಾಗಬೇಕು. ರೆಪ್ಟ್‌ಅರೀನಾ ವೈರಸ್ ಅದರ ಮೂಲ. ಬೋವಾ ಅದನ್ನು ಹೊತ್ತುಕೊಂಡು ತಿಂಗಳು, ವರ್ಷಗಳ ಕಾಲ ಚೆನ್ನಾಗಿಯೇ ತಿಂದುಕೊಂಡಿರಬಹುದು. ಪೈಥಾನಿಗೆ ತಗಲಿದರೆ ನರಕ್ಕೆ ಹೊಡೆದು ಬೇಗ ಮುಗಿಸುತ್ತದೆ. ತಲೆ ಮೇಲೆತ್ತಿ ಆಕಾಶ ನೋಡುವ ಭಂಗಿ, ಇಲಿಗೆ ಬಾಯಿ ಹಾಕಿದರೂ ಗುರಿ ತಪ್ಪುವುದು. ಇದಕ್ಕೆ ಔಷಧಿಯಿಲ್ಲ. ಹಾವಿನ ಮೈಮೇಲೆ ರಕ್ತ ಹೀರುವ ಸಣ್ಣ ಉಣ್ಣಿ ಅದನ್ನು ಒಂದು ಹಾವಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ ಎಂಬ ಬಲವಾದ ಅನುಮಾನ ಇದೆ.

ಎರಡನೆಯದು ನಿಡೋವೈರಸ್. ಬಾಲ್ ಪೈಥಾನ್‌ಗಳಲ್ಲಿ 2014ರಲ್ಲಿ ಗುರುತಾದದ್ದು. ಬಾಯಲ್ಲಿ ಲೋಳೆ, ಉಸಿರಾಡುವಾಗ ಸಿಳ್ಳಿನಂಥ ಸದ್ದು, ಕೆಲವೊಮ್ಮೆ ಕೊನೆಯ ದಿನದವರೆಗೂ ಏನೂ ಇಲ್ಲ.

ಹಾಗಾಗಿ ಪೆಥಾಲಜಿಯವರಿಗೆ ಕೊಡುವ ಚೀಟಿಯಲ್ಲಿ ಬೋವಾ ಬಂದ ತಿಂಗಳು ಬರೆಯಿರಿ. ಜೊತೆಗೆ ಕಳೆದ 90 ದಿನದ ತೂಕ, ಇಲಿ ಕೊಟ್ಟ ದಿನ, ಪೊರೆ ಬಿಟ್ಟ ದಿನ, ಮಲ ಹಾಕಿದ ದಿನ, ಟಬ್ಬು ತೊಳೆದ ದ್ರವ, ಕೊಟ್ಟ ಔಷಧಿ, ಕರೆಂಟಿಲ್ಲದ ಗಂಟೆಗಳು. ಇಲ್ಲಿ ಬರೆದಿರುವುದನ್ನೇ ನಕಲು ಮಾಡಿದರೂ ಆಯಿತು. ಒಂದು ವಾರದಲ್ಲಿ 65 ಗ್ರಾಂ ಇಳಿದಿದೆಯಲ್ಲ, 90 ಗ್ರಾಂ ಇಲಿ ತಿಂದ *ಮೇಲೆ*. ಮಲ ಹಾಕಿರದಿದ್ದರೆ ಆ ಲೆಕ್ಕ ಕೂಡುವುದಿಲ್ಲ. "ಇದ್ದಕ್ಕಿದ್ದಂತೆ" ಅನ್ನುವ ಸಾವುಗಳಲ್ಲಿ ಬಹಳಷ್ಟು ಹೀಗೇ, ಹಾವು ತೋರಿಸಿಕೊಳ್ಳುವುದಿಲ್ಲ, ತಕ್ಕಡಿ ತೋರಿಸುತ್ತದೆ.

ಟಬ್ಬು_ತಾಪ · 11:28

ಬೋವಾದ ಮೇಲೆ ಉಣ್ಣಿ ಇದೆಯಾ ನೋಡಲು ಬಿಳಿ ಟಿಶ್ಯೂ ಒದ್ದೆ ಮಾಡಿ ಕತ್ತಿನಿಂದ ಬಾಲದವರೆಗೆ ಒಮ್ಮೆ ಒರೆಸಿ. ಗಸಗಸೆಯಂಥ ಕಪ್ಪು ಚುಕ್ಕಿ ನಡೆದರೆ ಅದೇ. ಕಣ್ಣಿನ ಸುತ್ತ, ಗದ್ದದ ಕೆಳಗೆ, ನೀರಿನ ಬಟ್ಟಲ ತಳದಲ್ಲಿ ನೋಡಲು ಮರೆಯಬೇಡಿ. ಕೊಕ್ಕೆ, ಚಿಮಟ, ಬಟ್ಟಲು ಎರಡು ಹಾವಿಗೂ ಒಂದೇ ಬಳಸುತ್ತಿದ್ದರೆ ಇವತ್ತಿಂದ ಬೇರೆ.

ನಾಗಬನದ_ನೆರಳು · ಮಧ್ಯಾಹ್ನ 12:50

ಅದೆಲ್ಲ ಸರಿ. ಮನೆಯಲ್ಲಿ ಹಾವು ಸತ್ತಿದೆ, ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪಸಂಸ್ಕಾರ ಮಾಡಿಸಬೇಕಲ್ಲವಾ? ಹಿರಿಯರು ಅದನ್ನೇ ಕೇಳುವುದು.

ಕೇರೆ_ಕಾವಲು · 1:20

ಅದು ನಾಗರಹಾವಿಗೆ ನಡೆದುಬಂದ ಕ್ರಮ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ್ದು, ಅದರ ವಿಷಯ ಯಾವ ಶಾಸ್ತ್ರದಲ್ಲೂ ಬಂದಿರಲಿಕ್ಕಿಲ್ಲ. ಆದರೆ ಅಜ್ಜಿಗೆ ಸಮಾಧಾನ ಆಗುತ್ತದೆ ಅಂದರೆ ಒಂದು ತೆಂಗಿನಕಾಯಿ ಒಡೆಯುವುದರಲ್ಲಿ ಯಾರ ಗಂಟೂ ಹೋಗುವುದಿಲ್ಲ. ಹೆಣ ಮಾತ್ರ ಪರೀಕ್ಷೆಗೆ ಹೋಗಲಿ.

ಕಾನೂನಿನ ಕಡೆ ಎರಡು ಮಾತು. ನಮ್ಮ ಕೇರೆ, ಹೆಬ್ಬಾವು, ಮಂಡಲ, ನಾಗರ ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ತೋಟದಲ್ಲಿ ಸಿಕ್ಕ ಹೆಬ್ಬಾವಿನ ಮರಿ ಇಟ್ಟುಕೊಂಡಿದ್ದು ಸತ್ತಿತು ಎಂದು ಯಾರಾದರೂ ಇಲ್ಲಿ ಬರೆದರೆ ನಾವು ಹೇಳುವುದು ಅರಣ್ಯ ಇಲಾಖೆಗೆ ಹೋಗಿ ಅಂತಲೇ. ಬಾಲ್ ಪೈಥಾನ್, ಬೋವಾ ಎರಡೂ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯವು. 2022ರ ತಿದ್ದುಪಡಿ ಆದ ಮೇಲೆ ಅವು ನಾಲ್ಕನೇ ಅನುಸೂಚಿಯಲ್ಲಿವೆ, 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ. ಬದುಕಿದ್ದಾಗ ನೋಂದಣಿ ಮಾಡಿಸಿ ಸತ್ತಾಗ ಸುಮ್ಮನಿರುವಂತಿಲ್ಲ, ಸಾವನ್ನೂ ಅಲ್ಲೇ ತಿಳಿಸಬೇಕು. ಮರಣೋತ್ತರ ವರದಿ, ಇಲ್ಲವಾದರೆ ಪಶುವೈದ್ಯರ ಪತ್ರ ಜೊತೆಗಿಡಿ. ನೋಂದಣಿಯಲ್ಲಿ ಜೀವಂತ ಅಂತ ಇದ್ದು ಮನೆಯಲ್ಲಿ ಹಾವಿಲ್ಲ ಅಂದರೆ ಮಾರಿದಿರಾ ಎಂಬ ಪ್ರಶ್ನೆ ಬರುತ್ತದೆ.

ಪರೀಕ್ಷೆ ಮುಗಿದು ಹೆಣ ವಾಪಸ್ ಕೊಟ್ಟರೆ ಮೂರಡಿಗೆ ಕಡಿಮೆ ಗುಂಡಿ ಬೇಡ. ಕಾಡುಹಂದಿ ಒಂದೇ ರಾತ್ರಿಯಲ್ಲಿ ಕೆದಕಿ ಹಾಕುತ್ತದೆ, ಅಂಗಳದ ನಾಯಿ ಬೇರೆ. ಬಾವಿ, ತೋಡು, ಗದ್ದೆಯಂಚು ಬಿಟ್ಟು ದೂರ, ಎತ್ತರದ ಜಾಗ. ಮೇಲೆ ಚಪ್ಪಡಿ ಕಲ್ಲು. ಅದಕ್ಕೂ ಮೊದಲು ಪ್ಲಾಸ್ಟಿಕ್ ಚೀಲ ಬಿಚ್ಚಿ.

ಏಲಕ್ಕಿ_ಮಲೆ · 2:05

ಮನೆಯಲ್ಲಿ ಮಕ್ಕಳಿದ್ದರೆ "ನಿದ್ದೆ ಮಾಡಿತು" ಅನ್ನಬೇಡಿ, ರಾತ್ರಿ ಮಲಗಲು ಹೆದರುತ್ತಾರೆ. ಸತ್ತುಹೋಯಿತು, ಯಾಕೆ ಅಂತ ಡಾಕ್ಟರ್ ನೋಡುತ್ತಾರೆ, ಅಷ್ಟು ಸಾಕು. ನೀನು ಮುಟ್ಟಿದ್ದಕ್ಕೆ ಅಲ್ಲ ಅಂತ ಕೇಳದಿದ್ದರೂ ಹೇಳಿ.

ದೊಡ್ಡವರ ಕಷ್ಟ ಬೇರೆ ತರಹದ್ದು. ನಾಯಿ ಸತ್ತರೆ ಊರೇ ಬಂದು ಮಾತಾಡಿಸುತ್ತದೆ, ಹಾವು ಸತ್ತರೆ "ಹಾವಿಗೂ ಅಳುತ್ತೀಯಾ" ಅಂತ ನಗುತ್ತಾರೆ. ಅವರಿಗೆ ವಿವರಿಸಲು ಹೋಗಿ ಸುಸ್ತಾಗಬೇಡಿ. ಇನ್ನೊಂದು: ಕಾರಣ ಗೊತ್ತಿಲ್ಲದ ದಿನಗಳಲ್ಲಿ ತಲೆ ಸುಮ್ಮನಿರುವುದಿಲ್ಲ, ಸಿಕ್ಕಿದ್ದೆಲ್ಲವನ್ನೂ ತಪ್ಪು ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಕಾಗದ ತೆಗೆದುಕೊಂಡು ಎರಡು ಪಟ್ಟಿ ಮಾಡಿ. ಒಂದರಲ್ಲಿ ಪರೀಕ್ಷಿಸಲು ಆಗುವಂಥದ್ದು: ಥರ್ಮೋಸ್ಟಾಟ್, ಉಣ್ಣಿ, ಬೋವಾ, ವರದಿ. ಇನ್ನೊಂದರಲ್ಲಿ "ಹತ್ತಕ್ಕೆ ಬದಲು ಹನ್ನೆರಡಕ್ಕೆ ನೋಡಿದ್ದರೆ" ಎನ್ನುವಂಥದ್ದು. ಎರಡನೇ ಪಟ್ಟಿಗೆ ಉತ್ತರ ಯಾವ ಪ್ರಯೋಗಾಲಯದಲ್ಲೂ ಇಲ್ಲ. ನಿದ್ದೆ, ಊಟ ವಾರಗಟ್ಟಲೆ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಗೋಣಿಕೊಪ್ಪ_ಗಾಳಿ · ಜುಲೈ 20, ಬೆಳಿಗ್ಗೆ 9:10

ಕರೆಂಟ್ ಹೋಗುವುದು ಈ ತಿಂಗಳು ನಿಲ್ಲುವುದಿಲ್ಲ. ಉಳಿದವರು ಏನು ಮಾಡುವುದು?

ಟಬ್ಬು_ತಾಪ · 9:44

ಗಾಳಿಮಳೆಯ ಎಚ್ಚರಿಕೆ ಇದ್ದ ವಾರ ಇಲಿ ಕೊಡಬೇಡಿ. ದೊಡ್ಡ ಬಾಲ್ ಪೈಥಾನ್ ಎರಡು ಮೂರು ವಾರ ಉಪವಾಸ ಇದ್ದರೆ ಏನೂ ಆಗುವುದಿಲ್ಲ, ತುಂಬಿದ ಹೊಟ್ಟೆಯಲ್ಲಿ ತಣ್ಣಗಾದರೆ ಆಗುತ್ತದೆ. ಟಬ್ಬಿನ ಮೂರು ಬದಿಗೆ ಥರ್ಮೋಕೋಲ್ ಹಾಳೆ, ಗಾಳಿ ತೂತು ಮುಚ್ಚದ ಹಾಗೆ. ಕರೆಂಟ್ ಹೋದಾಗ ಎರಡು ಲೀಟರ್ ಬಾಟಲಿಗೆ 40 ಡಿಗ್ರಿಯ ನೀರು, ಅಂದರೆ ಮುಂಗೈಗೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಟವೆಲ್ ಸುತ್ತಿ ಟಬ್ಬಿನ *ಹೊರಗೆ* ಒಂದು ಬದಿಗೆ ಒತ್ತಿ ಇಡಿ, ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಿ. ಮ್ಯಾಟ್ ಬರೀ 20–30 ವ್ಯಾಟ್, ಮನೆಯ ಇನ್ವರ್ಟರ್ ಆರಾಮಾಗಿ ಎಳೆಯುತ್ತದೆ, ಟೀವಿ ಬದಲು ಇದಕ್ಕೆ ಕೊಡಿ.

ಥರ್ಮೋಸ್ಟಾಟ್ ಎರಡು ಹಾಕಿ, ಒಂದರ ಹಿಂದೆ ಒಂದು. ಗೋಡೆಯ ಪ್ಲಗ್ಗಿಗೆ ಮೊದಲನೆಯದು 35ಕ್ಕೆ ಸೆಟ್, ಅದರ ಹೊರದಾರಿಗೆ ಎರಡನೆಯದು 32ಕ್ಕೆ ಸೆಟ್, ಅದಕ್ಕೆ ಮ್ಯಾಟ್. ಎರಡಕ್ಕೂ ಬೇರೆ ಬೇರೆ ಪ್ರೋಬ್. ಒಂದರ ರಿಲೇ ಅಂಟಿದರೂ ಇನ್ನೊಂದು ಕಡಿಯುತ್ತದೆ. ಫ್ರಿಜ್ಜಿಗೆ ಹಾಕುವ ಸ್ಟೆಬಿಲೈಜರ್ ಮುಂದೆ ಇದ್ದರೆ ರಿಲೇಗಳೂ ಬಾಳುತ್ತವೆ.

ಕಕ್ಕಡದ_ಮಳೆ · ಜುಲೈ 21, ಸಂಜೆ 6:15

ಹೆಣ 19ರ ಮಧ್ಯಾಹ್ನವೇ ತಲುಪಿತು. ತೆರೆದು ನೋಡಿ ಬಾಯಲ್ಲಿ ಹೇಳಿದ್ದು ಇಷ್ಟು. ಎರಡೂ ಶ್ವಾಸಕೋಶ ದಪ್ಪಗಾಗಿವೆ, ಶ್ವಾಸನಾಳದಲ್ಲಿ ಅಂಟು ಲೋಳೆ. ಜಠರದಲ್ಲಿ ಇಲಿಯ ರೋಮ, ಮೂಳೆ, ಕೊಳೆತ ವಾಸನೆ. ಮೂತ್ರಪಿಂಡದಲ್ಲಿ ಬಿಳಿ ಸುಣ್ಣದಂಥದ್ದು ಇಲ್ಲ. ಯಕೃತ್ತು ಸರಿಯಾಗಿ ಕಾಣುತ್ತದೆ. ಅಂಗಗಳ ಪರೀಕ್ಷೆಗೆ ಮೂರು ವಾರ. ಥರ್ಮೋಸ್ಟಾಟ್ ಗರಿಷ್ಠ 32.9, ಏಳು ಸಲ ಪ್ಲಗ್ ಕಿತ್ತರೂ ಅಷ್ಟೇ. ಬೋವಾದ ಟಿಶ್ಯೂ ಸ್ವಚ್ಛ.

ಟಬ್ಬು_ತಾಪ · 6:30

ಹಾಗಾದರೆ ನನ್ನ ಊಹೆ ತಪ್ಪು. ಥರ್ಮೋಸ್ಟಾಟ್ ಬಿಟ್ಟುಬಿಡಿ.

ಬಿಳಿ_ಕೋಟು · 7:20

ಶ್ವಾಸಕೋಶ ಒಂದು ರಾತ್ರಿಯಲ್ಲಿ ದಪ್ಪಗಾಗುವುದಿಲ್ಲ. ವಾರಗಳಿಂದ ಒಳಗೆ ನಡೆಯುತ್ತಿತ್ತು. ಹಾವಿಗೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆ) ಇಲ್ಲ, ಕೆಮ್ಮಿ ಲೋಳೆ ಹೊರಹಾಕಲು ಬರುವುದಿಲ್ಲ, ಹಾಗಾಗಿ ನಮಗೆ ಕೇಳಿಸುವುದೂ ಇಲ್ಲ. ಚಳಿಯ ರಾತ್ರಿ ಕೊನೆಯ ತಳ್ಳು ಆಗಿರಬಹುದು, ಮೂಲ ಅದಲ್ಲ. ನಿಡೋವೈರಸ್ಸೋ ಬರೀ ಬ್ಯಾಕ್ಟೀರಿಯಾವೋ ಎಂಬುದು ವರದಿ ಬರುವವರೆಗೆ ಹೇಳಲಾಗದು. ಕೆಲವು ಸಲ ವರದಿಯಲ್ಲೂ "ನ್ಯುಮೋನಿಯಾ, ಕಾರಣ ನಿರ್ಧರಿಸಲಾಗಿಲ್ಲ" ಅಂತಲೇ ಬರುತ್ತದೆ. ಅದಕ್ಕೂ ಸಿದ್ಧರಾಗಿರಿ. ಶ್ವಾಸಕೋಶದ ಫ್ರೀಜರ್ ಚೂರಿನಿಂದ ನಿಡೋ ಪಿಸಿಆರ್ ಮಾಡಲು ಆಗುತ್ತದಾ, ಎಲ್ಲಿಗೆ ಕಳಿಸಬೇಕು ಎಂದು ಅವರನ್ನೇ ಕೇಳಿ.

ಬೋವಾಗೆ ಬಾಯಿಯ ಸ್ವಾಬ್ ನಿಡೋಗೆ, ರಕ್ತ ಮತ್ತು ಅನ್ನನಾಳದ ಸ್ವಾಬ್ ಅರೀನಾಗೆ. ಒಂದು ಸಲ ನೆಗೆಟಿವ್ ಬಂದರೆ ಸಾಲದು, ಮೂರು ತಿಂಗಳ ನಂತರ ಇನ್ನೊಂದು ಸಲ.

ಕಕ್ಕಡದ_ಮಳೆ · 7:41

ಟಬ್ಬು ತೊಳೆದು ಇಟ್ಟುಕೊಳ್ಳಬಹುದಾ? ಯಾವತ್ತಾದರೂ ಇನ್ನೊಂದು ತಂದರೆ ಅಂತ.

ಏಲಕ್ಕಿ_ಮಲೆ · 8:02

ಪ್ಲಾಸ್ಟಿಕ್ ಟಬ್ಬು, ಸ್ಟೀಲ್ ಬಟ್ಟಲು ಇಟ್ಟುಕೊಳ್ಳಿ. ಮರದ ಗೂಡು, ಕೊಂಬೆ, ನಾರಿನ ಪುಡಿ ಸುಟ್ಟುಹಾಕಿ. ಮೊದಲು ಸೋಪಿನ ನೀರಲ್ಲಿ ಉಜ್ಜಿ, ಕೊಳೆ ಇದ್ದ ಕಡೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಅಂಗಡಿಯ ಸೋಡಿಯಂ ಹೈಪೋಕ್ಲೋರೈಟ್ ಒಂದು ಪಾಲು, ನೀರು ಒಂಬತ್ತು ಪಾಲು, ಹತ್ತು ನಿಮಿಷ ಒದ್ದೆಯಾಗಿರಲಿ, ಚೆನ್ನಾಗಿ ತೊಳೆದು ಬಿಸಿಲಿಗೆ. ಬಿಸಿಲು ಬಂದಾಗ, ಅದು ಸೆಪ್ಟೆಂಬರ್ ಇರಬಹುದು! ವರದಿಯಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಅಂತ ಬಂದರೆ ಬ್ಲೀಚಿಗೆ ಅದು ಬಗ್ಗುವುದಿಲ್ಲ, ಟಬ್ಬನ್ನೂ ಎಸೆಯಿರಿ. ಬ್ಲೀಚಿಗೆ ಅಮೋನಿಯ, ಫಿನೈಲ್, ಆಸಿಡ್ ಏನನ್ನೂ ಬೆರೆಸಬೇಡಿ.

ಇನ್ನೊಂದು ತರುವುದು ಬೋವಾದ ಎರಡನೇ ವರದಿ ಬಂದ ಮೇಲೆ. ಬಂದದ್ದನ್ನು ಬೇರೆ ಕೋಣೆಯಲ್ಲಿ ಕನಿಷ್ಠ 90 ದಿನ, ಬೋವಾ ಇರುವ ಮನೆಯಾದರೆ ಆರು ತಿಂಗಳು. ದಿನದ ಕೆಲಸದಲ್ಲಿ ಹಳೆಯ ಹಾವು ಮೊದಲು, ಹೊಸದು ಕೊನೆಗೆ.

ಬಿಳಿ_ಕೋಟು · 8:15

ಬೋವಾದ ತೂಕ ಇವತ್ತೇ ಬರೆದಿಡಿ. ವಾರಕ್ಕೊಮ್ಮೆ, ಅದೇ ತಕ್ಕಡಿ, ಇಲಿ ಕೊಡುವ ಮುಂಚಿನ ದಿನ. ಸ್ವಾಬ್ ತೆಗೆಯುವವರೆಗೆ ಇಲಿ ಬೇಡ.